ನೂರೈವತ್ತು ಗಂಟೆ ಮಾತು, ಹತ್ತು ಗಂಟೆ ಕಿವಿ

"ಇಪ್ಪತ್ತು ಕೋಳಿ ಒಳಗೆ ಹೋದ ಮೇಲೆ ನೀರು ಸಿಕ್ಕಿತು."

ಕಂಪ್ಯೂಟರು ಬರೆದುಕೊಟ್ಟ ಮೊದಲ ಪುಟದ ಮೂರನೆಯ ಸಾಲು ಇದು. ಮಾತನಾಡಿದವರು ಪಡ್ರೆ ಕಡೆಯ ಒಬ್ಬ ಅಜ್ಜ. ಅವರು ಹೇಳಿದ್ದು ಕೋಲು. ನಮ್ಮಲ್ಲಿ ಸುರಂಗದ ಉದ್ದವನ್ನು ಹಳಬರು ಈಗಲೂ ಕೋಲಿನ ಲೆಕ್ಕದಲ್ಲೇ ಹೇಳುತ್ತಾರೆ. ಭಾವ ಆ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಕೋಳಿಗಳಿಗೆ ದಿನಕ್ಕೆಷ್ಟು ಸಂಬಳವಂತೆ, ಅದನ್ನೂ ಕೇಳು" ಎಂದರು.

ಕಾಸರಗೋಡಿನ ಹೊರಗಿನವರಿಗಾಗಿ ಎರಡು ಮಾತು. ಇಲ್ಲಿಯ ಸುರಂಗದಲ್ಲಿ ರೈಲು ಹೋಗುವುದಿಲ್ಲ. ಗುಡ್ಡದ ಮೈಗೆ ಅಡ್ಡವಾಗಿ, ಒಬ್ಬ ಮನುಷ್ಯ ಹೋಗಿ ಬರುವಷ್ಟು ಅಗಲಕ್ಕೆ, ಮುರಕಲ್ಲನ್ನು ಕೊರೆಯುತ್ತ ಒರತೆ ಸಿಗುವ ತನಕ ಸಾಗುವ ಬಿಲ ಅದು. ನೀರು ಪಂಪಿನ ಹಂಗಿಲ್ಲದೆ ತಾನೇ ಹರಿದು ಹೊರಗೆ ಬರುತ್ತದೆ. ಹಿಂದೆ ಅಡಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ, ತೊಟ್ಟಿಗೋ ತೋಟದ ಕೆರೆಗೋ ಇಳಿಯುತ್ತದೆ. ಬಾಯಾರು, ಪಡ್ರೆ, ಎಣ್ಮಕಜೆಯ ಗುಡ್ಡಗಳಲ್ಲಿ ಇಂಥವು ಬೇಕಾದಷ್ಟಿವೆ. ಕೊಳವೆಬಾವಿ ಬಂದ ಮೇಲೆ ಹೊಸದಾಗಿ ಕೊರೆಸುವವರು ಕಡಿಮೆಯಾದರು, ಕೊರೆಯಬಲ್ಲವರು ಮುದುಕರಾದರು. ಭಾವ ಏಳು ವರ್ಷಗಳಿಂದ ಈ ಜನರ ಮನೆಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದು, ಮಾತು ಧ್ವನಿಮುದ್ರಿಸಿ ಇಟ್ಟಿದ್ದರು. ಎಲ್ಲ ಸೇರಿ ಸುಮಾರು ನೂರೈವತ್ತು ಗಂಟೆ. ಒಂದು ಹಾರ್ಡ್ ಡಿಸ್ಕ್, ತಾರೀಖನ್ನೇ ಹೆಸರಾಗಿ ಹೊತ್ತ ಫೈಲುಗಳು, ಜೊತೆಗೆ ಅವರ ಕೈಬರಹದ ಒಂದು ನೋಟ್‌ಬುಕ್ಕು. "ನೀನು ಕಂಪ್ಯೂಟರಿನವನಲ್ಲವೇ, ಇದನ್ನೆಲ್ಲ ಬರಹಕ್ಕಿಳಿಸಿಕೊಡು. ಒರತೆ ಎಂದು ಹುಡುಕಿದರೆ ಯಾರು ಯಾವಾಗ ಏನು ಹೇಳಿದ್ದಾರೆಂದು ಸಿಗಬೇಕು" ಎಂದು ಕಳೆದ ಮಳೆಗಾಲಕ್ಕೆ ಮುಂಚೆ ಕೇಳಿದರು.

ನಾನು ಬೆಂಗಳೂರಿನ ಕೆಲಸವನ್ನು ಪೆರ್ಲದ ಮನೆಯಲ್ಲಿ ಕೂತು ಮಾಡುವವನು. ನನ್ನ ಕೆಲಸಕ್ಕೂ ಮಾತು ಗುರುತಿಸುವ ತಂತ್ರಕ್ಕೂ ಸಂಬಂಧವಿಲ್ಲ. ಆದರೂ ಒಪ್ಪಿಕೊಂಡೆ. ಕನ್ನಡಕ್ಕೆಂದು ಈಗಾಗಲೇ ತಿದ್ದಿದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ವಿಸ್ಪರ್ ಮಾಡೆಲ್ ಸಿಕ್ಕಿತು. ವಿಸ್ಪರ್ ಎಂದರೆ ಮಾತನ್ನು ಕೇಳಿ ಬರಹಕ್ಕಿಳಿಸುವ ಮಾಡೆಲ್, ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಹೊರಬಿಟ್ಟದ್ದು. ಅದಕ್ಕೆ ಉಣಿಸಿದ ಮಾತು 6,80,000 ಗಂಟೆಗಳಷ್ಟು. ಅದರಲ್ಲಿ ಕನ್ನಡದ ಪಾಲು ಊಟದೆಲೆಯ ತುದಿಯ ಉಪ್ಪಿನಷ್ಟು. ನಾನು ತೆಗೆದುಕೊಂಡದ್ದು ಅದರ ಸ್ಮಾಲ್ ಎಂಬ ಗಾತ್ರ, 24.4 ಕೋಟಿ ಪ್ಯಾರಾಮೀಟರಿನದು, ಅಂದರೆ ಕಲಿಯುತ್ತ ತಿದ್ದಿಕೊಳ್ಳುವ ಅಷ್ಟು ಸಂಖ್ಯೆಗಳದು. ಬಾಡಿಗೆಗೆ ಸಿಗುವ 16 ಜಿಬಿಯ ಟಿ4 ಜಿಪಿಯು ಎಂಬ ಲೆಕ್ಕದ ಚಿಪ್ಪಿನಲ್ಲಿ ಅದಕ್ಕಿಂತ ದೊಡ್ಡದನ್ನು ಪಳಗಿಸುವ ಧೈರ್ಯ ನನಗಿರಲಿಲ್ಲ.

ಈ ಮಾಡೆಲ್‌ಗೆ ಪುಸ್ತಕದ ಕನ್ನಡ ಚೆನ್ನಾಗಿ ಬರುತ್ತದೆ. ನಮ್ಮ ಭಾಷೆಗಳಿಗೆ ಸಿಗುವ ದೊಡ್ಡ ಮಾತಿನ ಸಂಗ್ರಹಗಳೇ ಹಾಗಿವೆ. ಮದರಾಸಿನ ಐಐಟಿಯ ಎಐ4ಭಾರತ್ ತಂಡದ ಶ್ರುತಿಲಿಪಿ ಆಕಾಶವಾಣಿಯ ವಾರ್ತೆಗಳಿಂದ ಹೆಕ್ಕಿದ್ದು. ಗೂಗಲ್‌ನ ಫ್ಲೂರ್ಸ್ 102 ಭಾಷೆಗಳಲ್ಲಿ ಜನರಿಂದ ವಾಕ್ಯ ಓದಿಸಿದ್ದು. ವಾರ್ತೆ ಓದುವವರು "ಗೊಂತಿಲ್ಲೆ" ಎನ್ನುವುದಿಲ್ಲ. ಭಾವ ಮಾತನಾಡಿಸಿದವರಲ್ಲಿ ಹವ್ಯಕರು ಅರ್ಧ. ಉಳಿದವರ ಮನೆಮಾತು ತುಳು, ಕೆಲವರದು ಮಲಯಾಳ. ಅವರೆಲ್ಲ ಭಾವನೊಡನೆ ಆಡಿದ ಕನ್ನಡ ಒಬ್ಬೊಬ್ಬರದು ಒಂದೊಂದು ಬಣ್ಣ. ಹಾಗಾಗಿ ನಮ್ಮದೇ ಮಾತನ್ನು ಕೊಟ್ಟು ಮಾಡೆಲನ್ನು ಇನ್ನೊಮ್ಮೆ ಪಳಗಿಸಬೇಕು, ಅದನ್ನೇ ಫೈನ್‌ಟ್ಯೂನ್ ಎನ್ನುವುದು. ಕೊಡುವ ಪ್ರತಿ ಧ್ವನಿಯ ಜೊತೆಗೂ ಅದರ ಸರಿಯಾದ ಬರಹ ಬೇಕು. ಬರೆಯುವವರು ಯಾರು?

ನೀರ್ಚಾಲಿನ ಚಿಕ್ಕಮ್ಮ. ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಪ್ರಶ್ನೆಪತ್ರಿಕೆ ತಯಾರಿಸಿ ತಯಾರಿಸಿ ಟೈಪಿಂಗ್ ಕಲಿತವರು. ಒಂದು ದಿನ ಕೂರಿಸಿ ನೋಡಿದೆ. ಒಂದು ನಿಮಿಷದ ಮಾತನ್ನು ಕೇಳಿ, ನಿಲ್ಲಿಸಿ, ಬರೆದು, ಮತ್ತೆ ಕೇಳಿ ಸರಿಪಡಿಸಲು ಎಂಟು ನಿಮಿಷ ಹಿಡಿಯಿತು. ದಿನಕ್ಕೆ ಎರಡು ಗಂಟೆ ಕೂತರೆ ಹದಿನೈದು ನಿಮಿಷದ ಮಾತು. ನೂರೈವತ್ತು ಗಂಟೆಗೆ ಆರುನೂರು ದಿನ. "ಅಷ್ಟರೊಳಗೆ ನನ್ನನ್ನೇ ರೆಕಾರ್ಡು ಮಾಡಿ ಇಟ್ಟುಕೊಳ್ಳಬೇಕಾದೀತು" ಎಂದರು ಚಿಕ್ಕಮ್ಮ. ಚೌತಿಯ ತನಕ ನಲವತ್ತು ದಿನ ಕೂರುತ್ತೇನೆಂದು ಒಪ್ಪಿದರು. ನಲವತ್ತು ದಿನ ಎಂದರೆ ಹತ್ತು ಗಂಟೆ ಮಾತು. ಆ ನೂರೈವತ್ತರಲ್ಲಿ ಯಾವ ಹತ್ತು ಎಂಬುದೇ ನನ್ನ ಮಳೆಗಾಲವನ್ನು ತಿಂದ ಪ್ರಶ್ನೆ.

ಮೊದಲ ಒಂದು ಗಂಟೆಯನ್ನು ಪರೀಕ್ಷೆಗೆ ಎತ್ತಿಟ್ಟೆ. ಮೂವರು, ತಲಾ ಇಪ್ಪತ್ತು ನಿಮಿಷ: ತೋಟದ ಮನೆಯ ಒಬ್ಬ ಹವ್ಯಕ ಅಜ್ಜಿ, ಸುರಂಗ ಕೊರೆಯುವ ತುಳು ಮನೆಮಾತಿನ ಒಬ್ಬ ಅಜ್ಜ, ಮೂವತ್ತು ದಾಟದ ಒಬ್ಬ ಹುಡುಗ. ಈ ಮೂವರ ಒಂದು ಮಾತೂ ಕಲಿಕೆಯ ರಾಶಿಗೆ ಸೇರಬಾರದು. ಅದೇ ಫೈಲಿನ ಬೇರೆ ಭಾಗವೂ ಸೇರಬಾರದು. ಸೇರಿದರೆ ಮಾಡೆಲ್ ಅವರ ಗಂಟಲನ್ನೇ ಕಲಿತು ಒಳ್ಳೆಯ ಅಂಕ ಪಡೆದು ನನ್ನನ್ನು ಮೋಸಗೊಳಿಸುತ್ತದೆ. ಭಾವನಿಗೆ ಇದು ಹಿಡಿಸಲಿಲ್ಲ. "ಒಳ್ಳೆಯ ಮಾತುಗಾರರನ್ನೇ ಪರೀಕ್ಷೆಗೆ ಎತ್ತಿಟ್ಟರೆ ಕಲಿಸುವುದು ಯಾರು?" ಎಂದರು. ಉಳಿದವರು ಇಪ್ಪತ್ತಾರು ಮಂದಿ ಇದ್ದಾರೆ ಎಂದೆ.

ಹುಡುಗನನ್ನು ಸೇರಿಸಿದ್ದಕ್ಕೆ ಕಾರಣವಿದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳದ ಪಾಲಾಯಿತು. ಅದಕ್ಕೆ ಮುಂಚೆ ದಕ್ಷಿಣ ಕನ್ನಡದ ಶಾಲೆಗೆ ಹೋದವರ ಕನ್ನಡವೇ ಬೇರೆ, ಈಗಿನವರದೇ ಬೇರೆ. ಹಿರಿಯರು ಪಂಚಾಯತಿಗೆ ಅರ್ಜಿ ಕೊಡುತ್ತಾರೆ, ಈ ಹುಡುಗ ಅಪೇಕ್ಷೆ ಕೊಡುತ್ತಾನೆ. ಮಲಯಾಳದಲ್ಲಿ ಅರ್ಜಿಗೆ ಅಪೇಕ್ಷೆ ಎನ್ನುವುದರಿಂದ ಅದು ನಮ್ಮ ಕಿರಿಯರ ಕನ್ನಡಕ್ಕೂ ಬಂದು ಕೂತಿದೆ. ಧಾರವಾಡದವರು ಕೇಳಿದರೆ ಹುಡುಗ ಏನನ್ನೋ ಬಯಸುತ್ತಿದ್ದಾನೆ ಅಂದುಕೊಂಡಾರು.

ಪರೀಕ್ಷೆಯ ಗಂಟೆಯಲ್ಲಿ ತಿದ್ದದ ಮಾಡೆಲ್ ಹತ್ತು ಪದಕ್ಕೆ ಆರು ತಪ್ಪು ಮಾಡಿತು. ಲೆಕ್ಕ ಹಾಕುವ ಕ್ರಮ ಸರಳ: ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ ಒಟ್ಟು ಪದಗಳಿಂದ ಭಾಗಿಸುವುದು. ಕನ್ನಡಕ್ಕೆ ಈ ಅಳತೆ ಸ್ವಲ್ಪ ನಿಷ್ಕರುಣಿ. "ಬಂದುಬಿಟ್ಟ" ಎಂದು ನಾವು ಬರೆದು, ಮಾಡೆಲ್ "ಬಂದು ಬಿಟ್ಟ" ಎಂದು ಬಿಡಿಸಿ ಬರೆದರೆ ಒಂದಲ್ಲ, ಎರಡು ತಪ್ಪು. ಹಾಗಾಗಿ ಅಕ್ಷರದ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಂಡೆ.

ಇನ್ನು ಆಯ್ಕೆ. ನನ್ನ ಮೊದಲ ಯೋಚನೆ ಎಲ್ಲರಿಗೂ ಬರುವಂಥದ್ದೇ: ಮಾಡೆಲ್‌ಗೆ ಗೊತ್ತಿಲ್ಲದ್ದು ನಮ್ಮ ಕಸುಬಿನ ಪದ, ಅದನ್ನು ಕಲಿಸಿದರೆ ಆಯಿತು. ಭಾವನ ನೋಟ್‌ಬುಕ್ಕಿನಲ್ಲಿ "32ನೇ ನಿಮಿಷ, ಒರತೆಯ ಗುರುತು", "ದಂಬೆ ಜೋಡಿಸುವ ಕ್ರಮ" ಎಂಬಂಥ ಟಿಪ್ಪಣಿಗಳಿದ್ದವು. ಅವನ್ನು ಹಿಡಿದು ಒಂದೂವರೆ ಗಂಟೆಯಷ್ಟು ಆರಿಸಿದೆ. ಕೋಲು, ಒರತೆ, ದಂಬೆ, ಮುರಕಲ್ಲು, ಪಿಕ್ಕಾಸು ಎಲ್ಲ ತುಂಬಿ ತುಳುಕುವ ರಾಶಿ. ಚಿಕ್ಕಮ್ಮ ಆರು ದಿನ ಕೂತು ಬರೆದರು.

ಕಲಿಸುವ ಮೊದಲೇ ಒಂದು ತೊಡಕು ಬಂತು. ವಿಸ್ಪರ್ ಒಂದು ಸಲಕ್ಕೆ ಮೂವತ್ತು ಸೆಕೆಂಡು ಧ್ವನಿ ಕೇಳುತ್ತದೆ, ನಾನೂ ಮೂವತ್ತು ಸೆಕೆಂಡಿನ ತುಣುಕು ಮಾಡಿದ್ದೆ. ಆದರೆ ಅದು ಬರೆಯುವಾಗ 448 ಟೋಕನ್, ಅಂದರೆ ಬರಹದ ಅಷ್ಟು ಚೂರು, ದಾಟುವ ಹಾಗಿಲ್ಲ. ಕನ್ನಡದ ಒಂದೊಂದು ಚಿಹ್ನೆಗೆ, ಕಂಪ್ಯೂಟರು ಅಕ್ಷರ ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ, ಮೂರು ಬೈಟು. "ಕಾ" ಎಂದು ಬರೆದರೆ ಕಕಾರಕ್ಕೆ ಮೂರು, ದೀರ್ಘಕ್ಕೆ ಮೂರು. ಇಂಗ್ಲಿಷಿನ ಒಂದು ಪದ ಒಂದೋ ಎರಡೋ ಟೋಕನ್ನಿನಲ್ಲಿ ಮುಗಿಯುವಲ್ಲಿ ನಮ್ಮದು ಪುಡಿಪುಡಿಯಾಗಿ ಜಾಗ ತಿನ್ನುತ್ತದೆ. ಬೇಗ ಬೇಗ ಮಾತನಾಡುವ ಒಬ್ಬ ಅತ್ತೆಯ ಅರ್ಧ ನಿಮಿಷ ಬಂದಾಗ ಪ್ರೋಗ್ರಾಮು ಅಲ್ಲೇ ನಿಂತಿತು. ಎಲ್ಲವನ್ನೂ ಮತ್ತೆ ಹದಿನೈದು ಸೆಕೆಂಡಿನೊಳಗೆ ಕತ್ತರಿಸಿದೆ.

ಇಡೀ ಮಾಡೆಲನ್ನು ಕದಲಿಸಲಿಲ್ಲ. 2021ರಲ್ಲಿ ಬಂದ ಲೋರಾ ಎಂಬ ಕ್ರಮದಲ್ಲಿ ಮೂಲದ ತೂಕಗಳನ್ನು, ಅಂದರೆ ಆ ಪ್ಯಾರಾಮೀಟರುಗಳನ್ನು, ಹಾಗೆಯೇ ಬಿಟ್ಟು, ಪಕ್ಕದಲ್ಲಿ ಚಿಕ್ಕ ಕೋಷ್ಟಕಗಳನ್ನು ಜೋಡಿಸಿ ಅವನ್ನು ಮಾತ್ರ ಕಲಿಸುತ್ತಾರೆ. ಹಾಳಾದರೆ ಕಳಚಿ ಎಸೆಯಬಹುದು, ಮೂಲಕ್ಕೆ ಪೆಟ್ಟಿಲ್ಲ. ಕರೆಂಟು ಹೋಗಿ ಬರುವ ನಮ್ಮ ಆಷಾಢಕ್ಕೆ ಹೇಳಿ ಮಾಡಿಸಿದ ಕ್ರಮ, ಏಕೆಂದರೆ ಒಂದೊಂದು ಓಟವೂ ಬೇಗ ಮುಗಿಯುತ್ತದೆ.

ಫಲಿತಾಂಶ ನೋಡಿದೆ. ಕೋಳಿ ಹೋಗಿ ಕೋಲು ಬಂದಿತ್ತು. ಒರತೆ ಸರಿಯಾಗಿತ್ತು. ಆದರೆ ಒಟ್ಟು ತಪ್ಪು ಇಳಿದದ್ದು ಹೇಳಿಕೊಳ್ಳುವಷ್ಟೇನಲ್ಲ. ಸಿಟ್ಟಿನಲ್ಲಿ ಇನ್ನೊಂದು ಒಂದೂವರೆ ಗಂಟೆಯನ್ನು ಚೀಟಿ ಎತ್ತಿದ ಹಾಗೆ ಎಲ್ಲಿಂದಲೋ ಎಲ್ಲಿಂದಲೋ ಆರಿಸಿ ಚಿಕ್ಕಮ್ಮನಿಗೆ ಕೊಟ್ಟೆ. ಅವರು ಬರೆದು ಮುಗಿಸಲು ಮತ್ತೆ ಆರು ದಿನ. ಅದನ್ನು ಬೇರೆಯಾಗಿ ಕಲಿಸಿದಾಗ ನಾನು ತಲೆ ಓಡಿಸಿ ಆರಿಸಿದ ರಾಶಿಗಿಂತ ಚೀಟಿಯ ರಾಶಿಯೇ ಮೇಲಾಯಿತು.

ಏಕೆಂದು ತಿಳಿಯಲು ಎರಡು ಸಂಜೆ ಬರಿಯ ಕಿವಿಯಿಂದ ಕೇಳುತ್ತ ಕೂತೆ. ಕಸುಬಿನ ಪದ ತುಂಬಿದ ಭಾಗಗಳೆಲ್ಲ ಭಾವ "ಸುರಂಗ ಹೇಗೆ ಕೊರೆಯುತ್ತೀರಿ?" ಎಂದು ಕೇಳಿ ಅವರು ಉತ್ತರ ಕೊಟ್ಟ ಭಾಗಗಳು. ಮೈಕು ಮುಂದಿದೆ, ಪ್ರಶ್ನೆ ಗಂಭೀರವಾಗಿದೆ ಎಂದಾಗ ನಮ್ಮವರು ಶಾಲೆಯ ಕನ್ನಡಕ್ಕೆ ಏರುತ್ತಾರೆ. ನಿಧಾನವಾಗಿ, ಬಿಡಿಬಿಡಿಯಾಗಿ, ಭಾಷಣದ ಹಾಗೆ. ಮಾತನಾಡಿದವರೂ ಬಹುಪಾಲು ನಾಲ್ಕೈದು ಗಂಡಸರು. ಮಾಡೆಲ್‌ಗೆ ನಾನು ಕಲಿಸಿದ್ದು ಮೂವತ್ತು ನಾಮಪದ. ಪರೀಕ್ಷೆಯ ಅಜ್ಜಿಯ ಮಾತಿನಲ್ಲಿ ತಪ್ಪಿದ್ದು ಅವಲ್ಲವೇ ಅಲ್ಲ. ತಪ್ಪಿದ ಪದಗಳನ್ನು ಪಟ್ಟಿ ಮಾಡಿದರೆ ಮೇಲೆ ಬಂದವು ಇವು: ಇದ್ದು, ಬತ್ತು, ಇಲ್ಲೆ, ಹೇಳಿ, ಹೋಪಲೆ, ಮಾಡೆಕ್ಕು.

ಹವ್ಯಕದಲ್ಲಿ "ನೀರು ಇದ್ದು" ಎಂದರೆ ನೀರು ಇದೆ ಎಂದು. ಪುಸ್ತಕದ ಕನ್ನಡದಲ್ಲಿ "ಇದ್ದು" ಎಂದರೆ ಮಾತು ಮುಂದೆ ಇನ್ನೂ ಇದೆ. ಮಾಡೆಲ್ ಪಾಪ ಕಾದು ಕಾದು ಏನನ್ನೋ ಜೋಡಿಸಿ ಬರೆಯುತ್ತಿತ್ತು. "ಅಬ್ಬೆ ಬತ್ತು" ಎಂಬುದು, ಅಂದರೆ ಅಮ್ಮ ಬರುತ್ತಾಳೆ ಎಂಬುದು, ಅದರ ಕಿವಿಯಲ್ಲಿ "ಹಬ್ಬ ಬಂತು" ಆಗಿತ್ತು. ಹೆಣ್ಣನ್ನು ನಪುಂಸಕದಲ್ಲಿ ಕರೆಯುವ ನಮ್ಮ ಪದ್ಧತಿಯನ್ನು ಆಕಾಶವಾಣಿಯ ವಾರ್ತೆಯಿಂದ ಕಲಿಯುವುದಾದರೂ ಹೇಗೆ?

ಇನ್ನೂ ದೊಡ್ಡ ಆಘಾತ ಚಿಕ್ಕಮ್ಮನ ಬರಹದಲ್ಲಿತ್ತು. ಒಂದು ತುಣುಕನ್ನು ಕೇಳುತ್ತ ಅವರ ಸಾಲನ್ನು ಓದಿದೆ. ಧ್ವನಿಯಲ್ಲಿ "ಎನಗೆ ಗೊಂತಿಲ್ಲೆ". ಬರಹದಲ್ಲಿ "ನನಗೆ ಗೊತ್ತಿಲ್ಲ". ಇನ್ನೊಂದು ತೆಗೆದೆ, ಅದೂ ಹಾಗೇ. ಜೀವಮಾನವಿಡೀ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಕೇಳಿದ್ದನ್ನೆಲ್ಲ ತಿದ್ದಿ ಬರೆದಿತ್ತು. ನೀರ್ಚಾಲಿಗೆ ಹೋದೆ.

"ಚಿಕ್ಕಮ್ಮ, ಬಾಯಿಂದ ಬಂದ ಹಾಗೆಯೇ ಬರೆಯಬೇಕು."

"ಹಾಗೆ ಬರೆದರೆ ತಪ್ಪಲ್ಲವೇ?"

"ನಾವು ಮನೆಯಲ್ಲಿ ಆಡುವುದು ಹಾಗೆಯೇ ಅಲ್ಲವೇ?"

"ಆಡುವುದು ಬೇರೆ, ಬರೆಯುವುದು ಬೇರೆ. ನಾಳೆ ಯಾರಾದರೂ ನೋಡಿದರೆ ಟೀಚರಿಗೆ ಕನ್ನಡ ಬರುವುದಿಲ್ಲ ಎಂದಾರು."

ನಿಮ್ಮ ಹೆಸರನ್ನು ಎಲ್ಲಿಯೂ ಹಾಕುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಪ್ಪಿದರು. ಅವತ್ತೇ ಕೂತು ಒಂದು ಹಾಳೆಯಲ್ಲಿ ನಿಯಮ ಬರೆದುಕೊಂಡೆವು. ಕೇಳಿದ ಹಾಗೆ ಬರೆಯುವುದು. ಅಡಕ್ಕೆ ಎಂದರೆ ಅಡಕ್ಕೆ, ಅಡಿಕೆ ಎಂದರೆ ಅಡಿಕೆ. ಸಂಖ್ಯೆಗಳು ಅಕ್ಷರದಲ್ಲಿ. ನಡುವೆ ಬರುವ ತುಳು, ಮಲಯಾಳ ಪದಗಳೂ ಕನ್ನಡ ಲಿಪಿಯಲ್ಲೇ. ತುಳುವಿನ ಕೊನೆಯ ಅರ್ಧ ಉಕಾರಕ್ಕೆ ಏನು ಮಾಡುವುದು ಎಂಬ ಚರ್ಚೆಗೆ ಒಂದು ಗಂಟೆ, ಎರಡು ಲೋಟ ಚಹಾ ಹೋಯಿತು. ಕೊನೆಗೆ ಉಕಾರವನ್ನೇ ಹಾಕುವುದೆಂದಾಯಿತು. ಹಳೆಯ ಮೂರು ಗಂಟೆಯ ಬರಹವನ್ನು ಚಿಕ್ಕಮ್ಮ ಮತ್ತೆ ತಿದ್ದಿದರು. ಅಂದರೆ ತಿದ್ದಿದ್ದನ್ನು ಬಿಚ್ಚಿದರು. ಚಿಕ್ಕಮ್ಮನ ಲೆಕ್ಕದಲ್ಲಿ ಇದಕ್ಕೆ ಹೋದ ಐದು ದಿನ ನನ್ನ ಪಾಪದ ಖಾತೆಗೆ, ನಲವತ್ತರಲ್ಲಿ ಸೇರಿಸಲಿಲ್ಲ. ಬಿಚ್ಚಿದ ಮೇಲೆ ಎರಡೂ ರಾಶಿ ಸುಧಾರಿಸಿದವು, ಚೀಟಿಯದು ಆಗಲೂ ಮುಂದಿತ್ತು.

ಮುಂದಿನದು ಪುಸ್ತಕದಲ್ಲಿ ಓದಿದ ದಾರಿ: ಮಾಡೆಲ್‌ಗೆ ಎಲ್ಲಿ ಅನುಮಾನವೋ ಅಲ್ಲಿ ಕಲಿಸು. ಪ್ರತಿ ಟೋಕನ್ ಬರೆಯುವಾಗಲೂ ಅದಕ್ಕೆ ತನ್ನ ಮೇಲೆ ಎಷ್ಟು ಭರವಸೆ ಎಂಬ ಸಂಖ್ಯೆ ಸಿಗುತ್ತದೆ. ಅದರ ಸರಾಸರಿ ತೆಗೆದು, ಇಡೀ ಸಂಗ್ರಹವನ್ನು ಭರವಸೆ ಕಡಿಮೆಯಿರುವುದು ಮೇಲೆ ಬರುವ ಹಾಗೆ ಜೋಡಿಸಿದೆ. ಮೇಲಿನ ಒಂದು ಗಂಟೆಯಷ್ಟನ್ನು ಕೇಳದೆಯೇ ಕಳಿಸಿಬಿಟ್ಟೆ. ಅದು ನನ್ನ ಸೋಮಾರಿತನ. ಮೂರನೆಯ ದಿನ ಚಿಕ್ಕಮ್ಮನ ಫೈಲು ಬಂತು. ಮೊದಲ ಸಾಲು: "ಇಲ್ಲಿ ಮಾತಿಲ್ಲ, ಮಳೆ ಇದೆ." ಎರಡನೆಯದು: "ಮಿಕ್ಸಿ." ಮೂರನೆಯದು: "ಕಾಗೆ. ಬರೆಯಲೇ?" ಆರನೆಯದರಲ್ಲಿ ಯಾರೋ ಬಾಯ್ತುಂಬ ಎಲೆಅಡಕೆ ಹಾಕಿಕೊಂಡು ಮಾತನಾಡುತ್ತಿದ್ದರು, ಭಾವನಿಗೆ ಕೇಳಿಸಿದರೆ ಅವರಿಗೂ ಅರ್ಥವಾಗಲಿಲ್ಲ. ಮಾಡೆಲ್ ಅನುಮಾನಪಟ್ಟದ್ದು ಸರಿಯಾಗಿಯೇ ಇತ್ತು, ಅಲ್ಲಿ ಯಾರಿಗಾದರೂ ಅನುಮಾನ ಬರಬೇಕು. ಮಳೆಯ ಸದ್ದಿಗೆ ಅದು "ನೀರು ನೀರು ನೀರು" ಎಂದು ಸಾಲುಗಟ್ಟಲೆ ಬರೆದಿತ್ತು. ಕವಿತ್ವದ ದೃಷ್ಟಿಯಿಂದ ತಪ್ಪೇನಲ್ಲ.

ಇಂಥ ಪುನರುಕ್ತಿ ಹಿಡಿಯಲು ವಿಸ್ಪರ್‌ನ ಕೋಡಿನಲ್ಲೇ ಒಂದು ಉಪಾಯವಿದೆ: ಬರಹವನ್ನು ಜಿಪ್ ಮಾಡಿದ ಹಾಗೆ ಕುಗ್ಗಿಸಿ ನೋಡುವುದು, 2.4 ಪಟ್ಟಿಗಿಂತ ಹೆಚ್ಚು ಕುಗ್ಗಿದರೆ ಅದೇ ಮಾತು ಮರುಕಳಿಸಿದೆ ಎಂದು ತಿಳಿಯುವುದು. ಅದನ್ನು ಹಚ್ಚಿದರೆ ಒಳ್ಳೆಯ ಕನ್ನಡವೂ ಜರಡಿಯಿಂದ ಹೊರಗೆ ಬೀಳತೊಡಗಿತು. ಕಾರಣ ಮತ್ತೆ ಅದೇ ಮೂರು ಬೈಟು. ಕನ್ನಡದ ಎಲ್ಲ ಚಿಹ್ನೆಗಳೂ ಒಂದೇ ಬಗೆಯ ಬೈಟಿನಿಂದ ಶುರುವಾಗುವುದರಿಂದ ನಮ್ಮ ಬರಹ ಹೇಗಿದ್ದರೂ ಚೆನ್ನಾಗಿ ಕುಗ್ಗುತ್ತದೆ. ಇಂಗ್ಲಿಷಿಗೆ ಹೊಲಿದ ಅಂಗಿ. ಮಿತಿಯನ್ನು ಮೇಲೇರಿಸಿಕೊಂಡೆ.

ಅನುಮಾನದ ದಾರಿಯಲ್ಲಿ ಇದಕ್ಕಿಂತ ಆಳದ ದೋಷ ಇನ್ನೊಂದಿತ್ತು. ಪಟ್ಟಿಯ ಕೆಳತುದಿಯನ್ನು, ಅಂದರೆ ಮಾಡೆಲ್‌ಗೆ ಪೂರ್ತಿ ಭರವಸೆ ಇದ್ದ ತುಣುಕುಗಳನ್ನು, ಸುಮ್ಮನೆ ಕೇಳಿದೆ. "ಗೊಂತಿಲ್ಲೆ" ಎಂದಲ್ಲೆಲ್ಲ ಅದು "ಗೊತ್ತಿಲ್ಲ" ಎಂದು ನಿಶ್ಚಿಂತೆಯಿಂದ ಬರೆದಿತ್ತು. ಚಿಕ್ಕಮ್ಮನಿಗೆ ಇದ್ದ ಅದೇ ಭರವಸೆ. ನಮಗೆ ಬೇಕಾದ ತಪ್ಪುಗಳು ಬಹುಪಾಲು ಅನುಮಾನವೇ ಇಲ್ಲದ ಜಾಗದಲ್ಲಿದ್ದವು. ಮಾಡೆಲನ್ನೇ ಕೇಳಿ ಅವನ್ನು ಹುಡುಕುವುದು ಸಾಧ್ಯವಿರಲಿಲ್ಲ.

ಎರಡು ದಿನ ತೋಟದಲ್ಲಿ ಅಡ್ಡಾಡಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವವರು ಬಂದಿದ್ದರು, ಅವರಿಗೆ ಸುಣ್ಣ ಕಲಸಿಕೊಡುವ ಕೆಲಸವೂ ಇತ್ತು. ಆಗ ಹೊಳೆದದ್ದು ಬೇರೆ ಜಾತಿಯ ಮಾಡೆಲನ್ನು ಸಾಕ್ಷಿಗೆ ಕರೆಯುವ ಉಪಾಯ. ಫೇಸ್‌ಬುಕ್‌ನವರು 2020ರಲ್ಲಿ ಮಾಡಿದ ವೇವ್‌ಟುವೆಕ್ 2.0 ಎಂಬುದಿದೆ, ಅದರ ಕನ್ನಡ ರೂಪವೊಂದು ಸಿಕ್ಕಿತು. ವಿಸ್ಪರ್ ಕೇಳಿ, ಯೋಚಿಸಿ, ಹಿಂದಿನ ಪದ ನೋಡಿ ಮುಂದಿನದನ್ನು ಬರೆಯುತ್ತದೆ. ಅದಕ್ಕೇ ತಿದ್ದುವ ಚಟ. ಇದು ಹಾಗಲ್ಲ, ಕಿವಿಗೆ ಬಿದ್ದ ಅಕ್ಷರವನ್ನು ಬಿದ್ದ ಹಾಗೆ ಬರೆಯುತ್ತ ಹೋಗುತ್ತದೆ. ಒಟ್ಟಾರೆ ಓದಿದರೆ ಗಲೀಜು, ಆದರೆ "ಗೊಂತಿಲೆ" ಎಂದಾದರೂ ಬರೆಯುತ್ತದೆ. ಎರಡೂ ಮಾಡೆಲ್‌ಗಳಿಗೆ ಒಂದೇ ತುಣುಕನ್ನು ಕೇಳಿಸಿ, ಎರಡರ ಬರಹವನ್ನು ಅಕ್ಷರ ಅಕ್ಷರ ಹೋಲಿಸಿದೆ. ವಿಸ್ಪರ್‌ಗೆ ಭರವಸೆ ಇದೆ, ಆದರೂ ಇಬ್ಬರಿಗೂ ಜಗಳ ಇದೆ ಎನ್ನುವ ತುಣುಕು ಕಂಡರೆ ಎತ್ತಿಕೋ. ಅನುಮಾನವೂ ಇದೆ, ಜಗಳವೂ ಇದೆ ಎಂದರೆ ಬಹುಶಃ ಮಿಕ್ಸಿ, ಬಿಟ್ಟುಬಿಡು.

ಜಗಳದ ಪಟ್ಟಿಯನ್ನು ಹಾಗೆಯೇ ಮೇಲಿನಿಂದ ಎತ್ತಿದರೂ ಕೆಡುತ್ತದೆ. ಒಬ್ಬ ಅಜ್ಜನದೇ ಸಂಗ್ರಹದಲ್ಲಿ ಹನ್ನೊಂದು ಗಂಟೆ ಇತ್ತು, ಅವರು ಶುದ್ಧ ಹವ್ಯಕರು, ಪಟ್ಟಿಯ ತುಂಬ ಅವರೇ. ಆದ್ದರಿಂದ ಒಬ್ಬೊಬ್ಬರಿಗೂ ಹನ್ನೆರಡು ನಿಮಿಷದ ಮಿತಿ ಹಾಕಿದೆ. ತುಣುಕುಗಳನ್ನು ಧ್ವನಿಯ ಹೋಲಿಕೆಯಿಂದ ಗುಂಪು ಮಾಡಿ ಎಲ್ಲ ಗುಂಪಿನಿಂದಲೂ ಸ್ವಲ್ಪ ತೆಗೆಯುವ ಕ್ರಮವನ್ನೂ ಪ್ರಯತ್ನಿಸಿದೆ. ಗುಂಪುಗಳು ಬಂದದ್ದು ಮಾತಿನ ಪ್ರಕಾರವಲ್ಲ, ಮಳೆಯಲ್ಲಿ ರೆಕಾರ್ಡಾದದ್ದು ಒಂದು ಕಡೆ, ಭಾವನ ಹಳೆಯ ಮೊಬೈಲಿನದು ಒಂದು ಕಡೆ, ಸ್ಪ್ರಿಂಕ್ಲರಿನ ಸದ್ದು ಇರುವುದು ಒಂದು ಕಡೆ. ಆದರೂ ಹಳೆಯ ಮೊಬೈಲಿನ ಗುಂಪಿನಿಂದ ಪಾಲು ಸೇರಲಿ ಎಂದು ಇಟ್ಟುಕೊಂಡೆ, ಸಂಗ್ರಹದ ಮೂರನೇ ಒಂದು ಭಾಗ ಅದೇ ಅಲ್ಲವೇ.

ಹೀಗೆ ಎರಡೂವರೆ ಗಂಟೆಯ ಕಂತು ಹೋಯಿತು. ಬಂದ ಬರಹದಿಂದ ಮೊದಲು ಒಂದೂವರೆ ಗಂಟೆಯನ್ನು ಮಾತ್ರ ತೆಗೆದು ಕಲಿಸಿದೆ, ಚೀಟಿಯ ಒಂದೂವರೆ ಗಂಟೆಯೊಡನೆ ತೂಗಿ ನೋಡಲು. ಗೆದ್ದಿತು. ನಾನು ನೆನೆಸಿದಷ್ಟು ಅಂತರದಿಂದೇನಲ್ಲ, ಆದರೆ ಅಜ್ಜಿಯ ಇಪ್ಪತ್ತು ನಿಮಿಷದಲ್ಲಿ ಎದ್ದು ಕಾಣುವ ಹಾಗೆ. "ಇದ್ದು" ಎಂಬುದು "ಇದ್ದು" ಎಂದೇ ಬರತೊಡಗಿತು. ಹೊಸದಾಗಿ ಕಲಿತ ಮಾಡೆಲಿನಿಂದ ಉಳಿದ ಸಂಗ್ರಹವನ್ನು ಮತ್ತೆ ಓಡಿಸಿ, ಮತ್ತೆ ಜಗಳ ಹುಡುಕಿ, ಇನ್ನೊಂದು ಎರಡೂವರೆ ಗಂಟೆ. ಈ ಸಲ ಮೇಲೆ ಬಂದದ್ದು ತುಳು ಮನೆಮಾತಿನವರ ಕನ್ನಡ ಮತ್ತು ಆ ಹುಡುಗನ ವಯಸ್ಸಿನವರದ್ದು. ಮೊದಲ ಕಂತಿನಲ್ಲಿ ಅವರು ಪಟ್ಟಿಯ ನಡುವೆಲ್ಲೋ ಹುದುಗಿದ್ದರು. ಎಲ್ಲವನ್ನೂ ಒಂದೇ ಸಲ ಆರಿಸಿದ್ದರೆ ಅವರು ತಪ್ಪಿಹೋಗುತ್ತಿದ್ದರು.

ನಡುವೆ ಒಮ್ಮೆ ಫ್ಲೂರ್ಸ್‌ನ ಕನ್ನಡ ವಾಕ್ಯಗಳನ್ನು ಕೇಳಿಸಿ ನೋಡಿದಾಗ, ಮೊದಲು ಸರಿ ಬರೆಯುತ್ತಿದ್ದ ಪುಸ್ತಕದ ಕನ್ನಡದಲ್ಲೂ ಹವ್ಯಕದಲ್ಲಿ "ಎಂದು" ಎನ್ನುವ ಅರ್ಥದ "ಹೇಳಿ"ಯನ್ನು ಮಾಡೆಲ್ ಸೇರಿಸತೊಡಗಿತ್ತು. ಕಲಿಕೆಯ ರಾಶಿಗೆ ಓದಿದ ಕನ್ನಡವನ್ನೂ ಒಂದಿಷ್ಟು ಬೆರೆಸಿದ ಮೇಲೆ ಆ ಚಾಳಿ ಬಿಟ್ಟಿತು. ಅದಕ್ಕೆ ಬರಹ ಸಿದ್ಧವಾಗಿಯೇ ಇರುವುದರಿಂದ ಚಿಕ್ಕಮ್ಮನ ದಿನ ಖರ್ಚಾಗಲಿಲ್ಲ.

ಚೌತಿಗೆ ಎರಡು ದಿನ ಮುಂಚೆ ಹತ್ತು ಗಂಟೆ ಮುಗಿಯಿತು. ಕಾಗೆ, ಮಿಕ್ಸಿಗಳ ವ್ಯರ್ಥವೂ ಅದರೊಳಗೇ. ಪರೀಕ್ಷೆಯ ಗಂಟೆಯಲ್ಲಿ ಈಗ ಹತ್ತು ಪದಕ್ಕೆ ಮೂರಕ್ಕಿಂತ ತುಸು ಕಡಿಮೆ ತಪ್ಪು. ಅಚ್ಚಿಗೆ ಕೊಡುವಂತಿಲ್ಲ, ಹುಡುಕಲು ಸಾಕು. ಭಾವ ಹೇಳುವ ಪ್ರಕಾರ ಅರ್ಧ ತಪ್ಪುಗಳನ್ನು ಓದುತ್ತಲೇ ಊಹಿಸಬಹುದು.

ಇಡೀ ನೂರೈವತ್ತು ಗಂಟೆಯನ್ನು ಮೂರು ರಾತ್ರಿ ಓಡಿಸಿ ಬರಹ ಮಾಡಿ ಕೊಟ್ಟೆ. ಭಾವ ಮೊದಲು ಹುಡುಕಿದ್ದು ಒರತೆ. ಬಂದ ಸಾಲುಗಳನ್ನು ಮಧ್ಯಾಹ್ನದ ತನಕ ಓದಿದರು. ಸಂಜೆ ಫೋನು ಮಾಡಿ, "ಇಲ್ಲೊಂದು ವಿಚಿತ್ರವಾಗಿದೆ, ನೋಡು" ಎಂದರು. ಸುರಂಗ ಕೊರೆಯುವವರೊಬ್ಬರ ಮನೆ, ಅವರ ಹೆಂಡತಿಯ ಮಾತು, ಹಿಂದಿನಿಂದ ಕೊಕ್ಕೊಕ್ಕೋ ಸದ್ದು. ಮುಂಗುಸಿ ಬಂದು ಗೂಡಿಗೆ ನುಗ್ಗಿದ ಕಥೆಯನ್ನು ಅವರು ಹೇಳುತ್ತಿದ್ದಾರೆ. ಮಾಡೆಲ್ ಬರೆದಿದೆ: "ಒಂದೇ ರಾತ್ರಿಯಲ್ಲಿ ನಮ್ಮ ನಾಲ್ಕು ಕೋಲು ತಿಂದು ಹೋಯಿತು."

ಕಲಿಕೆಯ ರಾಶಿಯಲ್ಲಿ ಹುಡುಕಿ ನೋಡಿದೆ. ಕೋಲು ಎಪ್ಪತ್ತು ಸಲಕ್ಕೂ ಹೆಚ್ಚು ಇತ್ತು, ಕೋಳಿ ಒಮ್ಮೆಯೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಇನ್ನು ನಾಲ್ಕು ದಿನ ಕೂರುತ್ತೇನೆಂದು ಚಿಕ್ಕಮ್ಮ ಹೇಳಿದ್ದಾರೆ. ಆ ಒಂದು ಗಂಟೆಗೆ ಕೋಳಿಯ ಮಾತಿರುವ ತುಣುಕುಗಳು ಎಲ್ಲೆಲ್ಲಿವೆ ಎಂದು ಭಾವ ನೋಟ್‌ಬುಕ್ಕು ತಿರುವುತ್ತಿದ್ದಾರೆ.